ಕರಗಿಸಿಟ್ಟ ನಾಲ್ಕು ಚೀಲ

ಮಾರ್ಚ್ 3, ಸೋಮವಾರ

ಐದನೇ ಕ್ಲಾಸಿನಲ್ಲೇ ಶಾಲೆಗೆ ಕೈಮುಗಿದು ಬಂದವಳಿಗೆ ಐವತ್ತೊಂಬತ್ತನೇ ವಯಸ್ಸಿನಲ್ಲಿ ನೋಟ್‌ಬುಕ್ಕು ಕೊಟ್ಟಿದ್ದಾರೆ. ಇನ್ನೂರು ಪುಟದ್ದು. ಇನ್ನು ಎರಡು ಜಡೆ ಹೆಣೆದು ರಿಬ್ಬನ್ ಕಟ್ಟಿಕೊಂಡು ಬಾ ಎನ್ನುವುದೊಂದು ಬಾಕಿ.

ಕೊಟ್ಟವಳು ಹೊಸ ಡಾಕ್ಟರಮ್ಮ. ನಮ್ಮ ಬ್ಲಡ್ ಬ್ಯಾಂಕಿಗೆ ಮುಖ್ಯಸ್ಥಳಾಗಿ ಬಂದು ಮೂರು ವಾರ. ನಾನು ಬಂದು ಇಪ್ಪತ್ತೆಂಟು ವರ್ಷ. ಫ್ರೀಜರಿನ ಕೆಲಸ ನನ್ನದಾದ್ದರಿಂದ ಇಡೀ ಆಸ್ಪತ್ರೆ ನನ್ನನ್ನು ಐಸಕ್ಕ ಎನ್ನುತ್ತದೆ. ಅಂಥವಳನ್ನು ಕೂರಿಸಿಕೊಂಡು ಪ್ಲಾಸ್ಮಾ ಎಂದರೇನು ಎಂದು ಅರ್ಧ ಗಂಟೆ ಪಾಠ ಮಾಡಿದಳು. ರಕ್ತದಿಂದ ಕೆಂಪು ಕಣ ತೆಗೆದ ಮೇಲೆ ಉಳಿಯುವ ಹಳದಿ ನೀರಂತೆ. ರಕ್ತ ಹೆಪ್ಪುಗಟ್ಟಿಸುವ ಸರಕೆಲ್ಲ ಅದರಲ್ಲಿದೆಯಂತೆ. ಹೌದೇನಮ್ಮ, ನಾನು ಇಷ್ಟು ವರ್ಷ ನಿಂಬೆಹಣ್ಣಿನ ಪಾನಕ ಕರಗಿಸುತ್ತಿದ್ದೇನೆ ಅಂದುಕೊಂಡಿದ್ದೆ.

ಅವಳ ಯೋಜನೆ ಇದು. ಪ್ಲಾಸ್ಮಾವನ್ನು ನಾವು ಕಲ್ಲಿನಂತೆ ಗಡ್ಡೆಕಟ್ಟಿಸಿ ಇಟ್ಟಿರುತ್ತೇವೆ. ವಾರ್ಡಿನವರು ಕೇಳಿದಾಗ ಬೆಚ್ಚನೆ ನೀರಿನ ತೊಟ್ಟಿಯಲ್ಲಿ ಹಾಕಿ ಕರಗಿಸಲು ಇಪ್ಪತ್ತೈದು, ಮೂವತ್ತು ನಿಮಿಷ ಬೇಕು. ನೀರು ಮೈಬಿಸಿಗಿಂತ ಹೆಚ್ಚು ಬಿಸಿಯಾದರೆ ಸರಕು ಹಾಳು, ಅವಸರ ಮಾಡಿ ಕುಕ್ಕಿದರೆ ಚೀಲ ಒಡೆದು ಹಾಳು. ಧಾರಾಕಾರ ರಕ್ತ ಹೋಗುತ್ತಿರುವವರು ಅಷ್ಟು ಹೊತ್ತು ಕಾಯಲಾರರಂತೆ. ಅದಕ್ಕೆ ಯಾರಿಗೆ ಬೇಕಾದರೂ ನಡೆಯುವ ಎಬಿ ಗುಂಪಿನ ನಾಲ್ಕು ಚೀಲ ಮೊದಲೇ ಕರಗಿಸಿ ಫ್ರಿಜ್ಜಿನಲ್ಲಿ ಸದಾ ಸಿದ್ಧವಾಗಿ ಇಡಬೇಕಂತೆ. ಹಾಗೆ ಇಟ್ಟದ್ದು ಐದು ದಿನ ಬರುತ್ತದೆ. ತಿರುಗಿ ಗಡ್ಡೆಕಟ್ಟಿಸುವಂತಿಲ್ಲ. ಆರನೇ ದಿನ ಕಸಕ್ಕೆ.

ಕಸಕ್ಕೆ ಹಾಕುವವಳು ಯಾರು? ನಾನು.

ಹಿಂದೊಮ್ಮೆ ವಾರ್ಡಿನಿಂದ ಡಾಕ್ಟರು ಬರೆದ ಚೀಟಿಯಿಲ್ಲದೆ ಫೋನಿನಲ್ಲೇ ಆರು ಚೀಲ ಕೇಳಿ, ಕರಗಿಸಿದ ಮೇಲೆ "ಅಯ್ಯೋ, ಬೇರೆ ಪೇಷೆಂಟು" ಎಂದಿದ್ದರು. ಆರೂ ಕಸದ ಡಬ್ಬಿಗೆ ಹೋದವು. ಅವತ್ತೇ ತೊಟ್ಟಿಯ ಮೇಲೆ ಬೋರ್ಡು ಹಾಕಿದೆ: ಮೊದಲು ಚೀಟಿ, ಆಮೇಲೆ ನೀರು. ಅಲ್ಲಿಂದೀಚೆಗೆ ನನ್ನ ಕೈಯಲ್ಲಿ ಒಂದು ಚೀಲವೂ ಸುಮ್ಮನೆ ಹಾಳಾಗಿಲ್ಲ. ಇದನ್ನು ಮೆಚ್ಚಿ ಯಾರೂ ನೋಟ್‌ಬುಕ್ಕು ಕೊಡಲಿಲ್ಲ.

ಹತ್ತನೇ ತಾರೀಕಿನಿಂದ ಎರಡು ತಿಂಗಳು ಇದನ್ನು ನಡೆಸಿ ನೋಡುವುದು. ಹನ್ನೆರಡಕ್ಕಿಂತ ಒಂದು ಚೀಲ ಹೆಚ್ಚು ಕಸಕ್ಕೆ ಹೋದರೂ ನಿಲ್ಲಿಸತಕ್ಕದ್ದು ಎಂದು ದೊಡ್ಡ ಸಾಹೇಬರು, ಅಂದರೆ ಸೂಪರಿಂಟೆಂಡೆಂಟರು, ಷರತ್ತು ಹಾಕಿದ್ದಾರೆ. ಹನ್ನೆರಡು ಚೀಲ ಎಷ್ಟು ದಿನದ ಮಾತು. ಅಲ್ಲಿಯವರೆಗೂ, ಆಮೇಲೂ ಫೋನು ಎಷ್ಟಕ್ಕೆ ಬಂತು, ಚೀಟಿ ಎಷ್ಟಕ್ಕೆ, ಚೀಲ ಎಷ್ಟಕ್ಕೆ ಕೊಟ್ಟೆ ಎಂದು ನಾನು ಬರೆಯಬೇಕು. "ನಿಮಗನಿಸಿದ್ದನ್ನೂ ಬರೀರಿ" ಎಂದಳು. ನನಗನಿಸಿದ್ದನ್ನು ಬರೆದರೆ ಅವಳು ಆ ಕುರ್ಚಿಯಲ್ಲಿ ಕೂರುವುದಿಲ್ಲ. ಆದ್ದರಿಂದ ಮುಂಭಾಗದ ಪುಟಗಳು ಅವಳಿಗೆ, ಪುಸ್ತಕ ತಿರುಗಿಸಿ ಕೊನೆಯಿಂದ ಬರೆದದ್ದು ನನಗೆ.

ಮಾರ್ಚ್ 4, ಮಂಗಳವಾರ

ಮನೆಯಲ್ಲಿ ಬರೆಯುವುದನ್ನು ತಂಗಿ ನೋಡಿದಳು. ಅವಳು ಹೊಲಿಗೆಯವಳು. ನಾವಿಬ್ಬರೇ ಇರುವುದು. ಬೆಳಗಿನಿಂದ ಸಂಜೆವರೆಗೆ ಮಷೀನು ತುಳಿಯುತ್ತಾಳೆ, ಮಷೀನು ನಿಂತಾಗ ಬಾಯಿ ತುಳಿಯುತ್ತಾಳೆ.

"ಏನಕ್ಕ, ಆತ್ಮಕಥೆಯಾ?"

"ನಿನ್ನ ಬಗ್ಗೆ ಚಾಡಿ."

"ಹಂಗಾದ್ರೆ ಇನ್ನೂರು ಪುಟ ಸಾಲಲ್ಲ ಬಿಡು. ಇನ್ನೊಂದು ಇಸ್ಕೊಂಡು ಬಾ."

ಮಾರ್ಚ್ 7, ಶುಕ್ರವಾರ

ಬೆಳಗ್ಗೆ ಹನ್ನೊಂದು ಹತ್ತಕ್ಕೆ ತುರ್ತು ವಾರ್ಡಿನ ಹೆಡ್ ನರ್ಸಿನ ಫೋನು. ಇವಳಿಗೂ ನನಗೂ ಇಪ್ಪತ್ತು ವರ್ಷದಿಂದ ಫೋನಿನಲ್ಲೇ ಸಂಸಾರ.

"ಐಸಕ್ಕ, ನಾಲ್ಕು ಪ್ಲಾಸ್ಮಾ ನೀರಿಗೆ ಹಾಕು. ಕಿಟಕಿಗೆ ಗಾಜು ಕೂರಿಸೋನು, ಗಾಜು ಬಿದ್ದು ತೊಡೆ ಸೀಳಿದೆ. ರಕ್ತ ನಿಲ್ತಾ ಇಲ್ಲ."

"ಚೀಟಿ?"

"ಬರೀತಿದಾರೆ, ಬರುತ್ತೆ. ನೀನು ಹಾಕು ಮೊದ್ಲು."

"ಬರಲಿ, ಹಾಕ್ತೀನಿ. ಬೋರ್ಡು ನೋಡಿದೀಯಲ್ಲ."

"ನಿನ್ನ ಬೋರ್ಡಿಗೆ ಬೆಂಕಿ ಬೀಳ" ಎಂದು ಇಟ್ಟಳು. ನನ್ನ ಲೋಟದಲ್ಲಿ ಇನ್ನೂ ಅರ್ಧ ಟೀ ಇತ್ತು. ಕುಡಿದೆ.

ಚೀಟಿ ಹನ್ನೊಂದು ಹತ್ತೊಂಬತ್ತಕ್ಕೆ ಬಂತು. ಕಳಿಸಲು ಕೈಗೆ ಯಾರೂ ಸಿಗದೆ ಗಾಯಾಳುವಿನ ಹೆಂಡತಿಯ ಕೈಯಲ್ಲೇ ಕಳಿಸಿದ್ದರು. ಚಿಕ್ಕ ವಯಸ್ಸಿನವಳು. ತೋಳಿನ ಮೇಲೆ ಗಾಜಿನ ಪುಡಿ ಮಿನುಗುತ್ತಿತ್ತು, ಅವನನ್ನು ಎತ್ತಿದಾಗ ಅಂಟಿಕೊಂಡದ್ದಿರಬೇಕು. ಚೀಲಗಳನ್ನು ತೊಟ್ಟಿಗೆ ಬಿಟ್ಟೆ. ಅವಳು ಕಿಟಕಿಯಿಂದ ನೋಡುತ್ತಲೇ ಇದ್ದಳು.

"ಇಷ್ಟು ಗಟ್ಟಿಯಾಗಿದೆಯಲ್ಲಮ್ಮ, ಇದು ಒಳಗೆ ಹೋಗುತ್ತಾ?"

"ಕರಗಿದ ಮೇಲೆ ಹೋಗುತ್ತೆ."

"ಇನ್ನೆಷ್ಟು ಹೊತ್ತು?"

"ಐಸು ಕರಗೋಷ್ಟು ಹೊತ್ತು. ನಿಮ್ಮನೆ ಐಸಾದ್ರೂ ಅಷ್ಟೇ, ನಮ್ಮನೆ ಐಸಾದ್ರೂ ಅಷ್ಟೇ."

ನಾಲ್ಕು ಸಲ ಕೇಳಿದಳು. ನಾಲ್ಕು ಸಲವೂ ಇದೇ ಉತ್ತರ ಕೊಟ್ಟೆ. ಹನ್ನೊಂದು ನಲವತ್ತೈದಕ್ಕೆ ಚೀಲ ಒರೆಸಿ, ಪೆಟ್ಟಿಗೆಯಲ್ಲಿಟ್ಟು ಅವಳ ಕೈಗೆ ಕೊಟ್ಟೆ. ಆಗಲೇ ಫೋನು. ಹೆಡ್ ನರ್ಸು. "ಬೇಡ ಐಸಕ್ಕ" ಎಂದಳು, ಅಷ್ಟೇ.

ಹುಡುಗಿ ಬಾಗಿಲು ದಾಟಿದ್ದಳು. ಕರೆದೆ. "ಆ ಪೆಟ್ಟಿಗೆ ಕೊಡಮ್ಮ ಇಲ್ಲಿ. ಇನ್ನೊಂದು ಸಲ ನೋಡ್ಬೇಕು. ನೀನು ಹೋಗಿರು." ಕೊಟ್ಟಳು. "ಬೇಗ ಕಳಿಸ್ತೀರಾ?" ಎಂದಳು. ಹೂಂ ಎಂದೆ.

ನಾಲ್ಕು ಚೀಲ ಕಸಕ್ಕೆ. ಚೀಟಿ ಇದ್ದೂ ಕಸಕ್ಕೆ ಹೋದದ್ದು ಇದೇ ಮೊದಲು. ನಿಯಮದ ಪ್ರಕಾರವೇ ಎಲ್ಲ ನಡೆದಿದೆ, ಯಾರೂ ಬೆರಳು ತೋರಿಸುವಂತಿಲ್ಲ. ಮುಂಭಾಗದ, ಡಾಕ್ಟರಮ್ಮನ ಪುಟದಲ್ಲಿ ಬರೆದೆ: ಫೋನು ಮತ್ತು ಚೀಟಿ 11.19, ಕೊಟ್ಟದ್ದು 11.45. ಫೋನಿಗೆ ಒಂದು ಸಾಲು, ಚೀಟಿಗೆ ಒಂದು ಸಾಲು ಬರೆಯುವ ಬದಲು ಎರಡಕ್ಕೂ ಸೇರಿಸಿ ಒಂದೇ ಬರೆದೆ. ನನಗೆ ಬೆರಳು ನೋಯುತ್ತದೆ.

ಮಾರ್ಚ್ 8, ಶನಿವಾರ

ಏನೂ ಇಲ್ಲ. ಮಂಡಿನೋವು.

ಮಾರ್ಚ್ 10, ಸೋಮವಾರ

ಮಹಾಯೋಜನೆ ಶುರು. ನಾಲ್ಕು ಎಬಿ ಚೀಲ ಕರಗಿಸಿ, ಡಾಕ್ಟರಮ್ಮನ ಅಪ್ಪಣೆಯಂತೆ ಫ್ರಿಜ್ಜಿನ ಮಧ್ಯದ ಖಾನೆಯಲ್ಲಿ ಕೂರಿಸಿದೆ. ಮದುವಣಗಿತ್ತಿಯರಂತೆ ಸಾಲಾಗಿ ಕೂತಿವೆ. ಒಂದೊಂದರ ಮೇಲೂ ಅವಧಿ ಮುಗಿಯುವ ದಿನ, ಗಂಟೆ ಬರೆದ ಲೇಬಲ್ಲು. ಹೊಸ ನಿಯಮ ಏನೆಂದರೆ, ತುರ್ತು ಎಂದು ಡಾಕ್ಟರು ಫೋನಿನಲ್ಲಿ ಹೇಳಿಸಿದರೆ ಸಾಕು, ಈ ನಾಲ್ಕನ್ನು ಕೊಟ್ಟುಬಿಡಬೇಕು. ಚೀಟಿ ಆಮೇಲೆ. ನನ್ನ ಬೋರ್ಡಿನ ಕೆಳಗೆ ನಿಂತುಕೊಂಡೇ ಇದನ್ನು ಹೇಳಿದಳು, ಧೈರ್ಯ ಮೆಚ್ಚಬೇಕು.

ಆಮೇಲೆ ನೋಟ್‌ಬುಕ್ಕು ತೆಗೆಸಿ ಶುಕ್ರವಾರದ ಸಾಲು ಓದಿದಳು. "ಫೋನು ಚೀಟಿಗಿಂತ ಮುಂಚೆ ಬಂದಿರಲಿಲ್ವಾ ಅಕ್ಕ?"

"ಎರಡೂ ಒಟ್ಟಿಗೆ."

"ಸರಿ" ಎಂದಳು. ಬೈಯಲಿಲ್ಲ, ಮುಖವನ್ನೂ ಸಿಂಡರಿಸಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈಗಿನವರಿಗೆ ಬೈಯುವುದಕ್ಕೂ ಬರುವುದಿಲ್ಲ.

ಬೇಗ ಕೊಟ್ಟಿದ್ದರೆ ಅವನು ಉಳಿಯುತ್ತಿದ್ದನೇ ಎಂದು ಕೇಳಿದೆ. ಸುಮ್ಮನೆ, ಮಾತಿಗೆ. "ಹೇಳೋಕಾಗಲ್ಲ ಅಕ್ಕ. ಕೆಂಪು ರಕ್ತ ಐದು ಚೀಲ ಕೊಟ್ಟಿದ್ರು. ಬರೀ ಅದನ್ನೇ ಕೊಡ್ತಾ ಹೋದ್ರೆ ಒಳಗಿರೋ ಹೆಪ್ಪುಗಟ್ಟೋ ಶಕ್ತಿ ತೆಳ್ಳಗಾಗುತ್ತೆ, ಹಾಕಿದ್ದೆಲ್ಲ ಸೋರಿಹೋಗುತ್ತೆ. ಪ್ಲಾಸ್ಮಾ ಬೇಗ ಸಿಕ್ಕಿದ್ರೆ ಒಂದು ಅವಕಾಶ ಇರ್ತಿತ್ತು. ಉಳೀತಿದ್ದ ಅಂತ ನಾನು ಹೇಳಲ್ಲ, ಉಳೀತಿರಲಿಲ್ಲ ಅಂತಲೂ ಹೇಳಲ್ಲ."

ಎಂಟು ವರ್ಷ ಡಾಕ್ಟರಿಕೆ ಓದಿ ಕಲಿತದ್ದು ಇದು.

ಮಾರ್ಚ್ 15, ಶನಿವಾರ

ನಾಲ್ಕೂ ಕಸಕ್ಕೆ. ನಾನು ಹೇಳಿರಲಿಲ್ಲವೇ. ಐದು ದಿನ ಊರಲ್ಲಿ ಒಬ್ಬನಿಗೂ ಸರಿಯಾಗಿ ಏಟು ಬೀಳಲಿಲ್ಲ. ಎಲ್ಲರೂ ಭಾರಿ ಜಾಗರೂಕರಾಗಿ ರಸ್ತೆ ದಾಟುತ್ತಿದ್ದಾರೆ.

ಹಳದಿ ಡಬ್ಬಿಗೆ ಹಾಕುವಾಗ ಚೀಲದ ಮೇಲಿನ ನಂಬರು ಕಣ್ಣಿಗೆ ಬಿತ್ತು. ಯಾವನೋ ಪುಣ್ಯಾತ್ಮ ತೋಳು ಚಾಚಿ ಮಲಗಿ ಕೊಟ್ಟದ್ದು. ಅವನಿಗೆ ಬಿಸ್ಕತ್ತು ಕೊಟ್ಟು, ಒಂದು ಜೀವ ಉಳಿಸಿದಿರಿ ಎಂದು ಕಳಿಸಿರುತ್ತಾರೆ. ಉಳಿಸಿದ್ದು ಕಸದ ಡಬ್ಬಿಯನ್ನು ಎಂದು ಅವನಿಗೆ ಯಾರು ಹೇಳಬೇಕು.

ಇನ್ನು ನಾಲ್ಕು ಕರಗಿಸಿಟ್ಟೆ. ಹನ್ನೆರಡರಲ್ಲಿ ಉಳಿದದ್ದು ಎಂಟು.

ಮಾರ್ಚ್ 20, ಗುರುವಾರ

ನಿನ್ನೆ ಡಾಕ್ಟರಮ್ಮ ಒಂದು ದಾರಿ ಹೇಳಿದಳು. ದಿನ ಮುಗಿಯುತ್ತ ಬಂದ ಚೀಲವನ್ನು, ಯಾವುದಾದರೂ ವಾರ್ಡಿನಲ್ಲಿ ಡಾಕ್ಟರು ಪ್ಲಾಸ್ಮಾ ಬರೆದಿದ್ದರೆ ಅವರಿಗೆ ಕೊಡಬಹುದಂತೆ. ಕೇಳುವವಳು ಮತ್ತೆ ನಾನೇ. ಬೆಳಗ್ಗೆ ಒಂದೊಂದೇ ವಾರ್ಡಿಗೆ ಫೋನು ಮಾಡಿದೆ. "ಪ್ಲಾಸ್ಮಾ ಬೇಕಾ? ಕರಗಿ ರೆಡಿ ಇದೆ." ಒಬ್ಬ ನರ್ಸು "ಎಷ್ಟಕ್ಕೆ ಕೆ.ಜಿ.?" ಎಂದಳು.

ಲಿವರ್ ವಾರ್ಡಿನವರು ಎರಡು ತೆಗೆದುಕೊಂಡರು. ಉಳಿದೆರಡು ಕಸಕ್ಕೆ. ಒಟ್ಟು ಆರು.

ರಾತ್ರಿ ಊಟಕ್ಕೆ ಕೂತಾಗ ತಂಗಿ, "ಎಷ್ಟಕ್ಕ ಇವತ್ತು?" ಎಂದಳು. ಈ ಕಸದ ಲೆಕ್ಕ ಅವಳಿಗೆ ಯಾವಾಗ ಹೇಳಿದೆನೋ ನನಗೇ ನೆನಪಿಲ್ಲ.

ಮಾರ್ಚ್ 24, ಸೋಮವಾರ

ಡಾಕ್ಟರಮ್ಮನಿಗೆ ಬೈಯುವುದು ಬರುತ್ತದೆ. ಚೆನ್ನಾಗಿಯೇ ಬರುತ್ತದೆ.

ಆದದ್ದಿಷ್ಟು. ನಾಳೆ ಸಂಜೆಗೆ ನಾಲ್ಕರ ಅವಧಿಯೂ ಮುಗಿಯುತ್ತದೆ. ಫೋನಿನಲ್ಲಿ ಕೆಲಸ ಆಗುವುದಿಲ್ಲವೆಂದು ನಾನೇ ಹೊರಟೆ, ತರಕಾರಿ ಗಾಡಿಯವಳ ಹಾಗೆ ಮಹಡಿ ಮಹಡಿ. ಶಸ್ತ್ರಚಿಕಿತ್ಸೆ ವಾರ್ಡಿನಲ್ಲಿ ಹೊಸದಾಗಿ ಬಂದ ಒಬ್ಬ ಡಾಕ್ಟರು ಸಿಕ್ಕ. ಕರುಳಿನ ಆಪರೇಷನ್ ಆದ ಮುದುಕರೊಬ್ಬರು ಮಲಗಿದ್ದರು. "ಇವರು ಬಿಳಿಚಿಕೊಂಡಿದಾರಲ್ಲಪ್ಪ, ಒಂದೆರಡು ಹಾಕಿ" ಎಂದೆ. ನನ್ನ ನರೆಗೂದಲಿಗೆ ಹೆದರಿದನೋ ಏನೋ, ಬರೆಯಲು ಪೆನ್ನು ತೆಗೆದ. ಅಷ್ಟರಲ್ಲಿ ಡಾಕ್ಟರಮ್ಮ ಎಲ್ಲಿಂದಲೋ ಪ್ರತ್ಯಕ್ಷ.

ಹೊರಗೆ ಕರೆದುಕೊಂಡು ಹೋಗಿ ಹೇಳಿದಳು: "ಅಕ್ಕ, ಇದು ಮಿಕ್ಕಿದ ಅಡುಗೆ ಅಲ್ಲ, ಯಾರ ತಟ್ಟೆಗಾದ್ರೂ ಬಡಿಸೋಕೆ. ಬೇಡದವರಿಗೆ ಕೊಟ್ರೆ ಉಸಿರು ಕಟ್ಟಬಹುದು, ಮೈ ಉಬ್ಬಬಹುದು. ಕಸಕ್ಕೆ ಹೋದ್ರೆ ಹೋಗಲಿ. ಬೇಡದ ಮನುಷ್ಯನ ಮೈಗೆ ಹೋಗಬಾರದು."

"ಹನ್ನೆರಡು ದಾಟಿದ್ರೆ ಮುಚ್ತಾರಲ್ಲಮ್ಮ."

"ಮುಚ್ಚಲಿ."

ಬಾಯಲ್ಲಿ ಮುಚ್ಚಲಿ ಎಂದಳು, ಕಣ್ಣು ಹಾಗೆ ಹೇಳಲಿಲ್ಲ. ಹೇಗೂ ನಾನು ತಪ್ಪು ಮಾಡಿದೆ ಎಂದು ಒಪ್ಪಿಕೊಳ್ಳುವವಳಲ್ಲ. ಆ ಮುದುಕರು ನಿಜಕ್ಕೂ ಬಿಳಿಚಿಕೊಂಡಿದ್ದರು.

ಬೆಳಗ್ಗೆ ಆಂಬುಲೆನ್ಸಿನ ಸದ್ದು ಕೇಳಿ ಖುಷಿಯಾಗಿತ್ತು. ನೋಡಿದರೆ ಯಾರಿಗೋ ಹೊಟ್ಟೆನೋವು. ಛೆ ಎಂದುಕೊಂಡೆ. ಈಗ ಬರೆದು ಓದಿಕೊಂಡರೆ ಮೈ ಪರಚಿಕೊಳ್ಳಬೇಕು ಅನಿಸುತ್ತದೆ. ಅದಕ್ಕೇ ಅನಿಸಿದ್ದನ್ನೆಲ್ಲ ಬರೆಯಬಾರದು.

ಮಾರ್ಚ್ 25, ಮಂಗಳವಾರ

ಎರಡು ಸರಿಯಾಗಿ ಹೋದವು, ಚೀಟಿ ಸಹಿತ. ಎರಡು ಕಸಕ್ಕೆ. ಎಂಟು.

ಏಪ್ರಿಲ್ 2, ಬುಧವಾರ

ಹಿಂದಿನ ನಾಲ್ಕೂ ಭಾನುವಾರದೊಳಗೆ ವಾರ್ಡುಗಳಿಗೇ ಹೋದವು, ಮತ್ತೆ ನಾಲ್ಕು ಇಟ್ಟಿದ್ದೆ. ಮಧ್ಯಾಹ್ನ ಎರಡು ಇಪ್ಪತ್ತಕ್ಕೆ ಹೆಡ್ ನರ್ಸು. "ಐಸಕ್ಕ, ಹೊರಗಡೆ ಯಾವುದೋ ಕ್ಲಿನಿಕ್ಕಲ್ಲಿ ಹೆರಿಗೆ ಆಗಿ ಬಂದಿದಾಳೆ. ಹಾಸಿಗೆ, ನೆಲ ಎಲ್ಲ ರಕ್ತ. ಡಾಕ್ಟರು ತುರ್ತು ಅಂದಿದಾರೆ. ಚೀಟಿ ಇನ್ನೂ ಬರೆದಿಲ್ಲ, ಜಗಳ ಆಡೋದಿದ್ರೆ ಆಮೇಲೆ ಆಡು."

ಜಗಳವಾಡಲು ನಾನು ಫೋನಿನ ಹತ್ತಿರ ಇದ್ದರೆ ತಾನೆ. ರಿಸೀವರು ಮೇಜಿನ ಮೇಲೇ ಮಾತಾಡುತ್ತಿತ್ತು. ಪೆಟ್ಟಿಗೆಗೆ ನಾಲ್ಕು ಚೀಲ ಹಾಕಿಕೊಂಡು ನಾನೇ ಹೊರಟೆ. ಆ ಉದ್ದ ಕಾರಿಡಾರು, ಅದಾದ ಮೇಲೆ ಸ್ಟ್ರೆಚರ್ ತಳ್ಳುವ ಇಳಿಜಾರು, ಮತ್ತೆ ಒಂದು ತಿರುವು. ಓಡಿದೆ ಎಂದರೆ ಸುಳ್ಳಾಗುತ್ತದೆ. ನೋಡಿದವರು ಬಾತುಕೋಳಿ ಅಂದುಕೊಂಡಿರಬಹುದು. ದಾರಿಯಲ್ಲಿ ನಿಂತು ಹರಟುತ್ತಿದ್ದ ಇಬ್ಬರು ಡಾಕ್ಟರುಗಳಿಗೆ "ಸರೀರಿ, ಗೋಡೆಗೆ ಅಂಟ್ಕೊಳ್ರಿ" ಎಂದೆ. ಅಂಟಿಕೊಂಡರು.

ಹೆಡ್ ನರ್ಸು ಬಾಗಿಲಲ್ಲಿ ನನ್ನನ್ನು ನೋಡಿ "ನೀನೇ ಬಂದ್ಯಾ?" ಎಂದಳು.

"ಬೇರೆ ಯಾರು ಬರ್ಬೇಕಿತ್ತು. ತಗೋ."

ಅವಳೂ ಇನ್ನೊಬ್ಬ ನರ್ಸೂ ನಂಬರು ಗಟ್ಟಿಯಾಗಿ ಓದಿ ತಾಳೆ ನೋಡಿ ಮೊದಲ ಚೀಲ ತೂಗುಹಾಕಿದರು. ಗಡಿಯಾರ ನೋಡಿದೆ. ಎರಡು ಇಪ್ಪತ್ತಾರು. ಬಾಣಂತಿಯ ಮುಖ ಸುಣ್ಣದ ಗೋಡೆಯ ಹಾಗಿತ್ತು. ಬಾಗಿಲಾಚೆ ಅವಳ ಅತ್ತೆ ಮಗುವನ್ನೆತ್ತಿಕೊಂಡು ಇಣುಕುತ್ತಿದ್ದರು.

"ಇದೇನಮ್ಮ ಹಳದಿ ಬಣ್ಣ. ಹಳೇದು ಕೊಡ್ತಿದೀರಾ ನಮ್ಮ ಹುಡುಗಿಗೆ?"

"ಹೊಸದು ಬೇಕಂದ್ರೆ ಅರ್ಧ ಗಂಟೆ ಆಗುತ್ತೆ. ಕಾಯ್ತೀರಾ?"

"ಬೇಡ ಬೇಡ, ಇದೇ ಇರಲಿ."

ಕೆಂಪು ಒಂದು, ಹಳದಿ ಒಂದು, ಹೀಗೆ ಹಾಕುತ್ತ ಹೋದರು. ನಾನು ವಾಪಸ್ ಬಂದು ಇನ್ನೂ ನಾಲ್ಕು ನೀರಿಗೆ ಬಿಟ್ಟೆ, ಕೇಳಿದರೆ ಇರಲಿ ಎಂದು. ಕೇಳಲಿಲ್ಲ. ಐದು ಗಂಟೆಗೆ ಹೆಡ್ ನರ್ಸು ಫೋನು ಮಾಡಿ, "ನಿಂತಿದೆ. ಮಾತಾಡ್ತಿದಾಳೆ. ಮಗು ಎಲ್ಲಿ ಅಂದ್ಲು" ಎಂದಳು. ನಾನು, "ಚೀಟಿ ಎಲ್ಲಿ?" ಎಂದೆ. ನಕ್ಕಳು. ಇಪ್ಪತ್ತು ವರ್ಷದಲ್ಲಿ ಅವಳು ನಗುವುದನ್ನು ಕೇಳಿದ್ದು ಇದೇ ಮೊದಲು. ಕತ್ತೆಯ ಹಾಗೆ ನಗುತ್ತಾಳೆ.

ಬೋರ್ಡಿಗೆ ಧೂಳು ಹಿಡಿದಿತ್ತು, ಒರೆಸಲು ಇಳಿಸಿದೆ. ತಿರುಗಿ ಹಾಕಲು ಮೊಳೆ ಸಿಗಲಿಲ್ಲ. ಬೀರುವಿನ ಹಿಂದೆ ನಿಲ್ಲಿಸಿದ್ದೇನೆ.

ಏಪ್ರಿಲ್ 7, ಸೋಮವಾರ

ಎರಡು ವಾರ್ಡಿಗೆ, ಎರಡು ಕಸಕ್ಕೆ. ಹತ್ತು. ಬಾಣಂತಿ ಮನೆಗೆ ಹೋದಳಂತೆ. ನನಗೇನು.

ಏಪ್ರಿಲ್ 12, ಶನಿವಾರ

ಗುರುವಾರ ಬೆಳಗ್ಗೆ ಒಬ್ಬ ಬಸ್ಸಿನ ಕಂಡಕ್ಟರಿಗೆ ಮೂರು ಚೀಲ ಹೋಯಿತು, ಐದೇ ನಿಮಿಷದಲ್ಲಿ. ಬದುಕಿದ್ದಾನೆ. ಟಿಕೆಟ್ ಚೀಲ ಕಳೆದುಹೋಯಿತೆಂದು ವಾರ್ಡಿನಲ್ಲೆಲ್ಲ ಗಲಾಟೆಯಂತೆ. ಇನ್ನೊಂದು ಲಿವರ್ ವಾರ್ಡಿಗೆ. ಈ ಸಲ ಕಸಕ್ಕೆ ಒಂದೂ ಇಲ್ಲ. ನನ್ನ ನಾಲ್ಕೂ ಕೆಲಸಕ್ಕೆ ಬಂದವು. ಮನೆಗೆ ಬರುವಾಗ ತಂಗಿಗೆ ಒಂದು ಕೊಡ ತಂದೆ. ಹಳೆಯದು ಸೋರುತ್ತಿತ್ತು, ಅದಕ್ಕೆ.

ಏಪ್ರಿಲ್ 17, ಗುರುವಾರ

ಎರಡು ವಾರ್ಡಿಗೆ ಹೋದವು. ಇನ್ನೆರಡರ ಅವಧಿ ಇವತ್ತು ಸಂಜೆ ನಾಲ್ಕಕ್ಕೆ ಮುಗಿಯುವುದಿತ್ತು. ಇವು ಕಸಕ್ಕೆ ಹೋದರೆ ಹನ್ನೆರಡು ಭರ್ತಿ. ಡಾಕ್ಟರಮ್ಮ ರಜೆ. ಕೋಣೆಯಲ್ಲಿ ನಾನೊಬ್ಬಳೇ.

ಲೇಬಲ್ಲು ಬರೆಯುವವಳು ನಾನು. ಹೊಸ ಲೇಬಲ್ಲು ಅಂಟಿಸಿ, ಹದಿನೇಳು ಎಂದಿರುವ ಕಡೆ ಹತ್ತೊಂಬತ್ತು ಎಂದು ಬರೆದರೆ ಯಾರಿಗೆ ಗೊತ್ತಾಗುತ್ತದೆ. ಚೀಲ ನೋಡಲು ಹಾಗೇ ಇದೆ, ಸಂಜೆ ನಾಲ್ಕಕ್ಕೆ ಸರಿಯಾಗಿ ಅದಕ್ಕೇನು ಬೀಗ ಬೀಳುವುದಿಲ್ಲ. ಎರಡೇ ದಿನದಲ್ಲಿ ಯಾರಾದರೂ ಬಂದೇ ಬರುತ್ತಾರೆ. ಲೇಬಲ್ಲು ತೆಗೆದೆ. ಪೆನ್ನು ತೆಗೆದೆ. ಚೀಲ ಎಡಗೈಯಲ್ಲಿ ತಣ್ಣಗೆ ಕೂತಿತ್ತು.

ಆಗಲಿಲ್ಲ. ಆ ಚೀಲ ಯಾವಳ ತೋಳಿಗೋ ಹೋಗುವಂಥದ್ದು. ಅವಳಿಗೆ ಓದಲೂ ಆಗುವುದಿಲ್ಲ, ಕಣ್ಣುಮುಚ್ಚಿ ಮಲಗಿರುತ್ತಾಳೆ. ಅದರ ಮೇಲೆ ಸುಳ್ಳು ಬರೆಯಲು ಕೈ ಬರಲಿಲ್ಲ.

ನೋಟ್‌ಬುಕ್ಕಿನಲ್ಲಿ ಬರೆಯುವಾಗ ಬಂದಿತ್ತಲ್ಲ ಕೈ.

ಎರಡೂ ಕಸಕ್ಕೆ. ಹನ್ನೆರಡು.

ಏಪ್ರಿಲ್ 22, ಮಂಗಳವಾರ

ಮುಗಿಯಿತು. ಎರಡು ವಾರ್ಡಿಗೆ, ಎರಡು ಕಸಕ್ಕೆ. ಹದಿನಾಲ್ಕು. ಸಾಹೇಬರ ಆದೇಶ ಬರಲು ಎರಡು ಗಂಟೆಯೂ ಹಿಡಿಯಲಿಲ್ಲ. ಈ ಆಸ್ಪತ್ರೆಯಲ್ಲಿ ಒಂದು ಬಲ್ಬು ಹಾಕಿಸಲು ಮೂರು ತಿಂಗಳು ಬೇಕು.

ಆದೇಶ ಡಾಕ್ಟರಮ್ಮ ಓದಿ ಹೇಳಿದಳು. ಚೀಲ ಹಾಳಾದದ್ದಷ್ಟೇ ಕಾರಣವಲ್ಲವಂತೆ. ಮಾರ್ಚ್ ಏಳರ ಗಾಜಿನವನ ಕೇಸನ್ನು ನೋಟ್‌ಬುಕ್ಕಿನಿಂದ ತೆಗೆದು ನೋಡಿದ್ದಾರೆ. ರೋಗಿ ಬಂದದ್ದು 11.05ಕ್ಕೆ, ವಾರ್ಡು ಕೇಳಿದ್ದು 11.19ಕ್ಕೆ. ಹದಿನಾಲ್ಕು ನಿಮಿಷ ವಾರ್ಡಿನವರೇ ಸುಮ್ಮನೆ ಕೂತಿದ್ದರು, ವಾರ್ಡು ಚುರುಕಾದರೆ ಸಾಕು, ಕರಗಿಸಿ ಇಡುವ ಅಗತ್ಯವಿಲ್ಲ ಎಂದು ಬರೆದಿದ್ದಾರೆ. ಹೆಡ್ ನರ್ಸಿಗೆ ಮೆಮೊ.

ಮೂರು ಗಂಟೆಗೆ ಹೆಡ್ ನರ್ಸು ಕೆಳಗೆ ಬಂದಳು. ಜಗಳಕ್ಕೆ ಸಿದ್ಧವಾಗಿ ಎದ್ದು ನಿಂತೆ. ಅವಳು ಕಿಟಕಿಯ ಕಟ್ಟೆಗೆ ಮೊಳಕೈ ಊರಿ ಮೆಲ್ಲಗೆ ಹೇಳಿದಳು: "ಐಸಕ್ಕ, ಅವತ್ತು ನಾನು ಮುಂಚೆ ಫೋನ್ ಮಾಡಿದ್ದೆ. ನಮ್ಮ ಕಡೆ ಬರೆದಿಟ್ಟಿಲ್ಲ, ಆ ಹೊತ್ತಲ್ಲಿ ಯಾರು ಬರೀತಾರೆ. ನೀನು ಮರೆತಿರಬೇಕು. ವಯಸ್ಸಾಯ್ತು ನಮ್ಗೂ. ಮರೆತೆ ಅಂತ ಒಂದು ಮಾತು ಹೇಳಿದ್ರೆ ಸಾಕು ಮಾರಾಯ್ತಿ, ನಿಂಗೇನೂ ಆಗಲ್ಲ."

ಬೈಯಲು ಬಂದವಳಿಗೆ ಉತ್ತರ ಕೊಡಬಹುದು. ನನ್ನನ್ನು ಉಳಿಸಲು ಬಂದವಳಿಗೆ ಏನು ಕೊಡುವುದು.

"ಮರೆತಿಲ್ಲ" ಎಂದೆ.

ಅವಳು ಕಟ್ಟೆಯಿಂದ ಮೊಳಕೈ ತೆಗೆದಳು. ಆಮೇಲೆ ಹೋದಳು.

ಏಪ್ರಿಲ್ 23, ಬುಧವಾರ

ಡಾಕ್ಟರಮ್ಮನಿಗೆ ಹೇಳಿದೆ. ಫೋನು ಬಂದದ್ದು 11.10ಕ್ಕೆ. ಚೀಟಿಗೆ ಕಾದದ್ದು ನಾನು. ಆ ಒಂಬತ್ತು ನಿಮಿಷದಲ್ಲಿ ಟೀ ಕುಡಿದೆ. ಆಮೇಲೆ ಸುಳ್ಳು ಬರೆದೆ. ನೀನು ಕೇಳಿದಾಗ ಮತ್ತೊಂದು ಸಲ ಹೇಳಿದೆ.

ಅವಳು ಮೇಜಿನ ಮೇಲಿದ್ದ ಪಿನ್ನುಗಳನ್ನು ಡಬ್ಬಿಗೆ ತುಂಬಿದಳು. "ನಂಗೆ ಅನುಮಾನ ಇತ್ತು ಅಕ್ಕ."

"ಮತ್ಯಾಕೆ ಕೇಳ್ಲಿಲ್ಲ?"

"ಕೇಳಿದ್ದೆ."

ಅದೂ ನಿಜ.

"ಬರೆದುಕೊಡಿ" ಎಂದಳು. ಕೊನೆಗೂ ಬರೆಸುವುದನ್ನು ಬಿಡಲಿಲ್ಲ. ಕೆಲಸಕ್ಕೆ ಏನಾಗುತ್ತದೋ ತನಗೆ ಗೊತ್ತಿಲ್ಲ, ಗೊತ್ತಿದ್ದಂತೆ ನಟಿಸುವುದಿಲ್ಲ ಎಂದೂ ಹೇಳಿದಳು. ಹುಡುಗಿ ಸುಳ್ಳು ಸಮಾಧಾನ ಹೇಳುವುದಿಲ್ಲ. ಅದೊಂದು ಗುಣ ಇದೆ.

ಮನೆಯಲ್ಲಿ ತಂಗಿಗೂ ಹೇಳಿದೆ. ಮಷೀನು ನಿಲ್ಲಿಸಿ ಕೇಳಿದಳು. ಬಾಯಿ ಮಾಡಲಿಲ್ಲ.

"ರಿಟೈರ್ ಆಗೋಕೆ ಒಂದು ವರ್ಷ ಇದೆಯಲ್ಲಕ್ಕ. ಕೆಲಸ ತೆಗೆದ್ರೆ?"

"ನಿನ್ನ ಹತ್ರ ಗುಂಡಿ ಹೊಲೀತೀನಿ."

"ನಿನ್ನ ಕೈಲಿ ಗುಂಡಿ ಹೊಲಿಸಿದ್ರೆ ನನ್ನ ಗಿರಾಕಿಗಳೆಲ್ಲ ಪಿನ್ನು ಹಾಕ್ಕೊಂಡು ಓಡಾಡ್ಬೇಕು" ಎಂದಳು. ಆಮೇಲೆ ಅಂಗಡಿಗೆ ಹೋಗಿ ಒಳ್ಳೆ ಕಾಗದ ತಂದಳು, ಗೆರೆ ಇರುವುದು.

ಏಪ್ರಿಲ್ 24, ಗುರುವಾರ

ಮೂರು ಸಲ ಬರೆದು ಹರಿದೆ. ಫ್ರಿಜ್ಜಿನ ಮಧ್ಯದ ಖಾನೆ ಖಾಲಿ. ಫ್ರಿಜ್ಜು ತೆಗೆದಾಗೆಲ್ಲ ಕೈ ಅಲ್ಲಿಗೇ ಹೋಗುತ್ತದೆ.

ಮಧ್ಯಾಹ್ನ ಹೆಡ್ ನರ್ಸಿನ ಫೋನು, ಮರದಿಂದ ಬಿದ್ದವನಿಗೆ ಮೂರು ಚೀಲ. ಚೀಟಿ ಕೇಳದೆ ನೀರಿಗೆ ಹಾಕಿದೆ. ಆದರೂ ಇಪ್ಪತ್ತೈದು ನಿಮಿಷ. ತೊಟ್ಟಿಯ ಮುಂದೆ ನಿಂತು ಆ ಐಸಿಗೆ ನಾನು ಬೈದಷ್ಟು ಮನುಷ್ಯರಿಗೂ ಬೈದಿಲ್ಲ. ಅವನು ಬದುಕಿದ್ದಾನೆ, ಈ ಹೊತ್ತಿಗೆ. ನಾಳೆಯದು ಗೊತ್ತಿಲ್ಲವಂತೆ.

ಏಪ್ರಿಲ್ 25, ಶುಕ್ರವಾರ

ಇವತ್ತು ಕೊಟ್ಟದ್ದು. ನಕಲು ಇಟ್ಟುಕೋ, ಇಲ್ಲದಿದ್ದರೆ ಬಂದೇ ಇಲ್ಲ ಎನ್ನುತ್ತಾರೆ ಎಂದು ತಂಗಿ ಹೇಳಿದ್ದರಿಂದ ಇಲ್ಲಿ ಬರೆದಿದ್ದೇನೆ.

ಸೂಪರಿಂಟೆಂಡೆಂಟ್ ಸಾಹೇಬರಿಗೆ,

ಬ್ಲಡ್ ಬ್ಯಾಂಕಿನ ಫ್ರೀಜರ್ ಕೆಲಸದವಳು ಬರೆಯುವುದು. ಅಕ್ಷರ ಓದಲು ಕಷ್ಟವಾದರೆ ಕರೆಸಿ, ಬಾಯಲ್ಲಿ ಹೇಳುತ್ತೇನೆ. ಬಾಯಲ್ಲಿ ಹೇಳಿದರೆ ಇಷ್ಟು ಮರ್ಯಾದೆ ಇರುವುದಿಲ್ಲ.

ಮಾರ್ಚ್ ಏಳರಂದು ತುರ್ತು ವಾರ್ಡಿನಿಂದ ಫೋನು ಬಂದದ್ದು 11.10ಕ್ಕೆ. ನಾನು 11.19 ಎಂದು ಬರೆದದ್ದು ಸುಳ್ಳು, ಬೇಕೆಂದೇ ಬರೆದದ್ದು. ಹೆಡ್ ನರ್ಸಿನ ತಪ್ಪಿಲ್ಲ, ಅವರ ಮೆಮೊ ವಾಪಸ್ ತೆಗೆದುಕೊಳ್ಳಿ.

ಕರಗಿಸಿಟ್ಟದ್ದು ಮೂವತ್ತಾರು ಚೀಲ. ಹದಿನಾಲ್ಕು ಕಸಕ್ಕೆ ಹೋಯಿತು, ನಾನೇ ಹಾಕಿದ್ದು, ಲೆಕ್ಕ ಸರಿಯಿದೆ. ಹದಿನೈದು ವಾರ್ಡುಗಳಿಗೆ ಹೋಯಿತು. ಏಳು, ರಕ್ತ ಸುರಿಯುತ್ತಿದ್ದ ಇಬ್ಬರಿಗೆ ಹೋಯಿತು. ಇಬ್ಬರೂ ಇದ್ದಾರೆ. ನಿಮ್ಮ ಆದೇಶದಲ್ಲಿ ಹದಿನಾಲ್ಕು ಇದೆ, ಇಬ್ಬರು ಇಲ್ಲ.

ಗಾಜಿನ ಕೆಲಸದವನಿಗೆ ಚೀಲ ಸಿದ್ಧವಾಗಲು ಹಿಡಿದದ್ದು ಮೂವತ್ತೈದು ನಿಮಿಷ. ಒಂಬತ್ತು ನಿಮಿಷ ನನ್ನದು. ಅದಕ್ಕೆ ಏನು ಶಿಕ್ಷೆಯೋ ಕೊಡಿ, ನಾನು ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಇಲ್ಲೇ ಇರುತ್ತೇನೆ. ಉಳಿದ ಇಪ್ಪತ್ತಾರು ನಿಮಿಷ ಐಸಿನದು. ಐಸಿಗೆ ಮೆಮೊ ಕೊಡಲು ಆಗುವುದಿಲ್ಲ. ಆ ಇಪ್ಪತ್ತಾರು ನಿಮಿಷ ಇಲ್ಲದಂತೆ ಮಾಡುವುದು ಈ ಆಸ್ಪತ್ರೆಯಲ್ಲಿ ಒಬ್ಬರ ಸಹಿಯಿಂದ ಆಗುತ್ತದೆ. ಆ ಸಹಿ ನಿಮ್ಮದು. ಮಂಗಳವಾರದಿಂದ ಅದು ನಿಮ್ಮ ಲೆಕ್ಕಕ್ಕೆ ಸೇರಿದೆ.

ನಾಲ್ಕು ಚೀಲ ಮತ್ತೆ ಕರಗಿಸಿ ಇಡಬೇಕೋ ಬೇಡವೋ. ಪರಿಶೀಲಿಸಲಾಗುವುದು ಎಂದು ಬರೆಯಬೇಡಿ. ಇಡು ಅಥವಾ ಬೇಡ, ಎರಡರಲ್ಲಿ ಒಂದನ್ನು ನಿಮ್ಮ ಕೈಯಲ್ಲೇ ಬರೆದು, ಮೇ ಐದನೇ ತಾರೀಕು ಸೋಮವಾರ ಸಂಜೆ ನಾಲ್ಕು ಗಂಟೆಯೊಳಗೆ ಕಳಿಸಿ.